ಸ್ಪೇನ್ ಪ್ರವಾಸಕ್ಕೆ ಹೋಗುವವರು ಅಲ್ಲಿನ ಯಾವ ರೀತಿ-ರಿವಾಜು, ನಂಬಿಕೆಗಳನ್ನು ತಿಳಿದಿರಬೇಕು?

ಡಿಸೆಂಬರ್ ಕೊನೆಯಲ್ಲಿ ತಂದೆ-ತಾಯಿಯನ್ನು ಕರೆದುಕೊಂಡು ಮ್ಯಾಡ್ರಿಡ್ ಮತ್ತು ಸೆವಿಯಾ ನೋಡಲು ಹೊರಟಿರುವುದಾಗಿಯೂ, ಎಲ್ಲರೂ ಸಸ್ಯಾಹಾರಿಗಳೆಂದೂ, ಅಲ್ಲಿನವರಿಗೆ ಬೇಸರವಾಗದಂತೆ ನಡೆದುಕೊಳ್ಳುವುದು ಹೇಗೆಂದೂ ಕೇಳಿದ್ದೀರಿ. ಉದ್ಯೋಗದ ನಿಮಿತ್ತ ಮ್ಯಾಡ್ರಿಡ್‌ನಲ್ಲಿ ನೆಲೆಸಿರುವ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು: ನಾಲ್ಕು ಜನರಿರುವ ಕಡೆ ಕಾಲಿಟ್ಟಾಗ ಅವರನ್ನು ಮಾತನಾಡಿಸಬೇಕು. ಅಂಗಡಿ, ಲಿಫ್ಟ್, ವೈದ್ಯರ ಕೊಠಡಿಯ ಹೊರಗಿನ ಬೆಂಚು, ಎಲ್ಲಿಗೇ ಹೋದರೂ ಮಧ್ಯಾಹ್ನದ ಊಟದವರೆಗೆ ‘ಬುವೆನೋಸ್ ದಿಯಾಸ್’, ಆಮೇಲೆ ‘ಬುವೆನಾಸ್ ತಾರ್ದೆಸ್’ ಎಂದು ಹೇಳಿಯೇ ಮುಂದಿನ ಮಾತು. ನೇರವಾಗಿ ಬೆಲೆ ಕೇಳಿದರೆ ಅಂಗಡಿಯವರು ಉತ್ತರ ಕೊಡುತ್ತಾರೆ, ಆದರೆ ಮುಖ ಸ್ವಲ್ಪ ಬಿಗಿಯಾಗುತ್ತದೆ.

ಸರದಿಯ ವಿಷಯದಲ್ಲಿಯೂ ಇದೇ ರೀತಿ. ತರಕಾರಿ ಮಾರುಕಟ್ಟೆಯ ಮಳಿಗೆಯ ಮುಂದೆ ಜನ ಅಲ್ಲಲ್ಲಿ ಚದುರಿ ನಿಂತಿರುವುದನ್ನು ಕಂಡು ಸಾಲೇ ಇಲ್ಲವೆಂದು ಭಾವಿಸಿ ಮುಂದೆ ನುಗ್ಗಬೇಡಿ. ಹೊಸದಾಗಿ ಬಂದವರು ‘ಎಲ್ ಉಲ್ತಿಮೊ?’ ಎಂದು, ಅಂದರೆ ಕೊನೆಯವರು ಯಾರೆಂದು ಕೇಳುತ್ತಾರೆ. ಒಬ್ಬರು ಕೈ ಎತ್ತುತ್ತಾರೆ. ಅವರ ಮುಖವನ್ನು ನೆನಪಿಟ್ಟುಕೊಂಡರೆ ಸಾಕು, ಅವರಾದ ಮೇಲೆ ನಿಮ್ಮ ಸರದಿ. ಅಷ್ಟರಲ್ಲಿ ಇನ್ನೊಬ್ಬರು ಬಂದು ಕೇಳಿದರೆ ಕೈ ಎತ್ತಬೇಕಾದವರು ನೀವು.

ಪರಿಚಯವಾದಾಗ ಹೆಂಗಸರು ಪರಸ್ಪರರಿಗೂ, ಗಂಡಸರು-ಹೆಂಗಸರು ಒಬ್ಬರಿಗೊಬ್ಬರೂ ಎರಡು ಕೆನ್ನೆಗಳಿಗೆ ಕೆನ್ನೆ ತಾಗಿಸುವುದು ವಾಡಿಕೆ. ಗಂಡಸರು ಸಾಮಾನ್ಯವಾಗಿ ಕೈ ಕುಲುಕುತ್ತಾರೆ. ನಿಮ್ಮ ತಾಯಿಯವರಿಗೆ ಮುಜುಗರವೆನಿಸುವುದಾದರೆ ಅವರೇ ಮೊದಲು ನಗುತ್ತಾ ಕೈ ಚಾಚಲಿ. ಯಾರೂ ತಪ್ಪು ತಿಳಿಯುವುದಿಲ್ಲ.

ಹಿರಿಯರಿಗೆ ನಿಜವಾಗಿ ಕಷ್ಟವಾಗುವುದು ಊಟದ ಹೊತ್ತು. ಮಧ್ಯಾಹ್ನದ ಊಟ ಎರಡು ಗಂಟೆಯ ನಂತರ, ರಾತ್ರಿಯದು ಒಂಬತ್ತರ ನಂತರ. ನಡುವೆ ಬಹಳಷ್ಟು ಹೋಟೆಲುಗಳ ಅಡುಗೆಮನೆ ಮುಚ್ಚಿರುತ್ತದೆ. ಭೌಗೋಳಿಕವಾಗಿ ಲಂಡನ್ನಿನ ನೇರಕ್ಕಿರುವ ಸ್ಪೇನ್ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಆಡಳಿತದ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡು, ಅದನ್ನು ಮತ್ತೆ ಹಿಂದಕ್ಕೆ ತರಲೇ ಇಲ್ಲವಾದ್ದರಿಂದ, ಸೂರ್ಯನ ಲೆಕ್ಕದಲ್ಲಿ ನೋಡಿದರೆ ಅವರ ಊಟ ತೋರುವಷ್ಟು ತಡವೇನಲ್ಲ. ಸಂಜೆ ಏಳಕ್ಕೇ ಹಸಿವಾದರೆ ಬಾರ್‌ಗೆ ಹೋಗಿ. ಅಲ್ಲಿನ ಬಾರ್ ಎಂದರೆ ಕಾಫಿ, ತಿಂಡಿ ಸಿಗುವ, ಮಕ್ಕಳು-ಮುದುಕರೆಲ್ಲ ಕೂರುವ ಜಾಗ. ಊಟ ಮುಗಿದರೂ ಕೇಳದೆ ಬಿಲ್ ತರುವುದಿಲ್ಲ, ಏಕೆಂದರೆ ಊಟದ ನಂತರ ಹರಟುತ್ತಾ ಕುಳಿತವರನ್ನು ಎಬ್ಬಿಸುವುದು ಅಮರ್ಯಾದೆ. ‘ಲಾ ಕುವೆಂತಾ, ಪೊರ್ ಫಾವೊರ್’ ಎಂದು ನೀವೇ ಕೇಳಬೇಕು. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟರೆ ಸಾಕು.

ಸಸ್ಯಾಹಾರಿ ಎಂದಷ್ಟೇ ಹೇಳಿ ನಿಶ್ಚಿಂತರಾಗಬೇಡಿ. ಎನ್ಸಲಾದಾ ಮಿಕ್ಸ್ತಾ ಎಂಬ ಸಲಾಡ್‌ನಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನಿರುತ್ತದೆ. ನಮ್ಮ ಬೇಳೆಯ ಸಾರಿನಂತೆ ಕಾಣುವ ಲೆಂತೆಹಾಸ್‌ನಲ್ಲಿ ಹಂದಿಮಾಂಸದ ಚೊರಿಸೊ ಬೆಂದಿರುತ್ತದೆ. ಆದ್ದರಿಂದ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್’ ಎಂದು, ಮಾಂಸ, ಮೀನು, ಹಂದಿಯ ಹಮೋನ್ ಮೂರೂ ಬೇಡವೆಂದು ಬಿಡಿಸಿ ಹೇಳಿ. ಟೊಮೆಟೊ ಸವರಿದ ಬ್ರೆಡ್, ಹುರಿದ ಪದ್ರೋನ್ ಮೆಣಸಿನಕಾಯಿ, ಸೆವಿಯಾದಲ್ಲಿ ಪಾಲಕ್ ಮತ್ತು ಕಾಬೂಲಿ ಕಡಲೆಯ ಖಾದ್ಯವನ್ನು ಕೇಳಿ ನೋಡಿ. ಕೊನೆಯದು ಜೀರಿಗೆಯ ಘಮದಿಂದಾಗಿ ನಿಮ್ಮ ತಂದೆಯವರಿಗೆ ಖಂಡಿತ ಹಿಡಿಸುತ್ತದೆ. ಆಲೂಗಡ್ಡೆಯ ತೊರ್ತಿಯಾದಲ್ಲಿ ಮೊಟ್ಟೆ ಇರುತ್ತದೆ.

ನಂಬಿಕೆಗಳ ವಿಷಯಕ್ಕೆ ಬಂದರೆ, ಅಲ್ಲಿ ಕೆಟ್ಟ ದಿನ 13ನೇ ತಾರೀಕಿನ ಶುಕ್ರವಾರವಲ್ಲ, ಮಂಗಳವಾರ. ಮಂಗಳವಾರ ಮದುವೆಯೂ ಬೇಡ, ಹಡಗು ಹತ್ತುವುದೂ ಬೇಡ ಎಂಬ ಗಾದೆಯೇ ಅವರಲ್ಲಿದೆ. ಅವರ ವಾರಕ್ಕೂ ನಮ್ಮ ವಾರಕ್ಕೂ ಹೆಸರು ಬಂದದ್ದು ಅದೇ ಮಂಗಳ ಗ್ರಹದಿಂದ; ನಮ್ಮಲ್ಲಿಯೂ ಅನೇಕರು ಆ ದಿನ ಶುಭಕಾರ್ಯ ಆರಂಭಿಸುವುದಿಲ್ಲವಾದ್ದರಿಂದ ನಿಮ್ಮ ಹಿರಿಯರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬ್ರೆಡ್ಡನ್ನು ಮೇಜಿನ ಮೇಲೆ ಬೋರಲಾಗಿ ಇಡುವುದು, ಹಾಸಿಗೆಯ ಮೇಲೆ ಟೋಪಿ ಇಡುವುದು, ನೀರಿನ ಲೋಟ ಹಿಡಿದು ಶುಭ ಕೋರುವುದು ಕೂಡ ಅಶುಭವೆನ್ನುತ್ತಾರೆ. ನಂಬದವರೂ ಅಭ್ಯಾಸಬಲದಿಂದ ಇವನ್ನು ಪಾಲಿಸುವುದನ್ನು ನೋಡಿದ್ದೇನೆ.

ನೀವು ಹೋಗುವ ಸಮಯಕ್ಕೆ ಹೊಸವರ್ಷದ ದ್ರಾಕ್ಷಿ ತಪ್ಪಿಸಲೇಬಾರದು. ಡಿಸೆಂಬರ್ 31ರ ನಡುರಾತ್ರಿ ಮ್ಯಾಡ್ರಿಡ್‌ನ ಪುವೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ಹನ್ನೆರಡು ಬಾರಿ ಬಾರಿಸುವಾಗ, ಪ್ರತಿ ಹೊಡೆತಕ್ಕೂ ಒಂದರಂತೆ ಹನ್ನೆರಡು ದ್ರಾಕ್ಷಿ ತಿಂದರೆ ವರ್ಷವಿಡೀ ಒಳ್ಳೆಯದಾಗುತ್ತದೆಂಬ ನಂಬಿಕೆ. 19ನೇ ಶತಮಾನದ ಕೊನೆಗೇ ಮ್ಯಾಡ್ರಿಡ್‌ನಲ್ಲಿದ್ದ ಈ ಪದ್ಧತಿ, 1909ರಲ್ಲಿ ಅಲಿಕಾಂತೆಯ ಬೆಳೆಗಾರರ ಬಳಿ ದ್ರಾಕ್ಷಿ ಹೆಚ್ಚಾಗಿ ಉಳಿದಾಗ ದೇಶವಿಡೀ ಹರಡಿತೆಂದು ಹೇಳುತ್ತಾರೆ. ಮೊದಲು ನಾಲ್ಕು ಜೋಡಿ ಹೊಡೆತಗಳು ಕೇಳಿಸುತ್ತವೆ. ಆಗ ಬಾಯಿಗೆ ಹಾಕಬೇಡಿ. ಅನಂತರದ ಹನ್ನೆರಡು ಹೊಡೆತಗಳ ನಡುವೆ ಸಿಗುವುದು ಸುಮಾರು ಮೂರು ಸೆಕೆಂಡು ಮಾತ್ರ. ವಯಸ್ಸಾದವರ ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ ಸಿಪ್ಪೆ, ಬೀಜ ತೆಗೆದ ಚಿಕ್ಕ ದ್ರಾಕ್ಷಿ ತನ್ನಿ. ಎಣಿಸಿಯೇ ತುಂಬಿದ ಡಬ್ಬಿಗಳು ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತವೆ. ಆ ರಾತ್ರಿ ಕೆಂಪು ಒಳಉಡುಪು ತೊಡುವ ರೂಢಿಯೂ ಇರುವುದರಿಂದ ಅಂಗಡಿಗಳ ಕಿಟಕಿಯಲ್ಲಿ ಅದನ್ನು ಕಂಡು ಚಕಿತರಾಗಬೇಡಿ.

ಡಿಸೆಂಬರ್ 28 ಅವರ ಮೂರ್ಖರ ದಿನ. ಅಂದು ಬೆನ್ನಿಗೆ ಕಾಗದದ ಗೊಂಬೆ ಅಂಟಿಸಿದವರ ಮೇಲೆ ಸಿಟ್ಟಾಗಬಾರದು. ಜನವರಿ 6, ಶಿಶು ಯೇಸುವನ್ನು ನೋಡಲು ಬಂದರೆನ್ನುವ ಮೂವರು ರಾಜರ ಹಬ್ಬ. ಮಕ್ಕಳಿಗೆ ಉಡುಗೊರೆ ಸಿಗುವುದು ಮುಖ್ಯವಾಗಿ ಅಂದೇ. ಹಿಂದಿನ ಸಂಜೆಯ ಮೆರವಣಿಗೆಯಲ್ಲಿ ಮಿಠಾಯಿ ಎರಚುತ್ತಾರೆ, ಮುಂದಿನ ಸಾಲನ್ನು ಮಕ್ಕಳಿಗೆ ಬಿಟ್ಟುಕೊಡಿ. 6ರಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಹಾಲು, ಹಣ್ಣು, ತರಕಾರಿಯನ್ನು 5ರ ಮಧ್ಯಾಹ್ನದೊಳಗೇ ತಂದಿಟ್ಟುಕೊಳ್ಳಿ.