ಡಾಕ್ಟರ್ ಹತ್ತಿರ ಹೋಗದೆ ಮೆಡಿಕಲ್‌ನಲ್ಲೇ ಇನ್ಹೇಲರ್ ತಗೊಂಡು ಅಸ್ತಮಾ ಸಂಭಾಳಿಸಬಹುದಾ?

ನೀಲಿ ಪಂಪ್ ಹೊಡೆದರೆ ಉಸಿರು ಸರಾಗ ಆಗುತ್ತೆ, ಮೆಡಿಕಲ್‌ನವರು ಚೀಟಿ ಇಲ್ಲದೇ ಕೊಡ್ತಾರೆ, ಡಾಕ್ಟರಿಗೆ ಯಾಕೆ ದುಡ್ಡು ಸುರೀಬೇಕು ಅಂತೀರಿ. ದಾವಣಗೆರೆಯಲ್ಲಿದ್ದಾಗ ನಾನೂ ಇದೇ ಲೆಕ್ಕ ಹಾಕಿದವನು.

ಮೊದಲು ನನಗೆ ಕೊಟ್ಟಿದ್ದು ರೋಟಾಹೇಲರ್. ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಜೋರಾಗಿ ಎಳೀಬೇಕು. ಪುಡಿ ಒಳಗೆ ಹೋಗೋದೇ ನಮ್ಮ ಎಳೆತದಿಂದ. ಆಮೇಲೆ ಡಾಕ್ಟರ್ ಪಂಪಿಗೆ ಬದಲಾಯಿಸಿದರು. ದಿನಾ ಎರಡು ಹೊತ್ತು ಸ್ಟೆರಾಯ್ಡ್‌ದು, ಉಬ್ಬಸ ಬಂದಾಗ ಮಾತ್ರ ನೀಲಿ. ನಾನು ಪಂಪನ್ನೂ ಹಳೇ ರೂಢಿಯಲ್ಲೇ ಗಬಕ್ಕನೆ ಎಳೆದೆ. ಎಡವಟ್ಟಾಗಿದ್ದು ಅಲ್ಲೇ. ಪಂಪಲ್ಲಿ ಔಷಧಿ ತಾನೇ ರಭಸವಾಗಿ ಚಿಮ್ಮುತ್ತೆ. ನಾವೂ ಜೋರು ಮಾಡಿದರೆ ಗಂಟಲ ಹಿಂಭಾಗಕ್ಕೆ ಬಡಿದು ಅಲ್ಲೇ ಉಳಿಯುತ್ತೆ, ಶ್ವಾಸಕೋಶಕ್ಕೆ ಇಳಿಯೋದು ಅಷ್ಟಕ್ಕಷ್ಟೆ. ಸ್ಟೆರಾಯ್ಡ್ ನಾಟಲೇ ಇಲ್ಲ. ‘ಇದು ದಂಡ’ ಅಂತ ಬಿಟ್ಟು ನೀಲಿಗೆ ಅಂಟಿಕೊಂಡೆ. ನೀಲಿಯದು ಶ್ವಾಸನಾಳದ ಬಿಗಿದ ಸ್ನಾಯು ಸಡಿಲಿಸುತ್ತೆ, ಒಳಗಿನ ಊತ ಇಳಿಸಲ್ಲ; ಅದು ಸ್ಟೆರಾಯ್ಡ್‌ನ ಕೆಲಸ. ಕೊನೆಗೊಂದು ಮಳೆಗಾಲದ ರಾತ್ರಿ ಕ್ಯಾಶುಯಾಲ್ಟಿ, ನೆಬ್ಯುಲೈಜರ್. ಬಿಲ್ ಎಷ್ಟಾಯ್ತು ಅಂತ ಮಾತ್ರ ಕೇಳಬೇಡಿ.

ನಾನು ಪಂಪ್ ತಪ್ಪಾಗಿ ಎಳೀತಿದ್ದೀನಿ ಅಂತ ಕಂಡುಹಿಡಿದಿದ್ದು ಮನೆ ಹತ್ತಿರದ ಮೆಡಿಕಲ್‌ನ ಫಾರ್ಮಸಿಸ್ಟ್ ಮೇಡಂ. "ಸಾರ್, ಒಂದ್ರಲ್ಲಿ 200 ಪಫ್ ಇರುತ್ತೆ, ಇಷ್ಟು ಬೇಗ ಖಾಲೀನಾ? ನನ್ನೆದುರಿಗೇ ಒಂದ್ಸಲ ತಗೊಳ್ಳಿ ನೋಡೋಣ." ತಗೊಂಡೆ. ತುಟಿ ಪಕ್ಕದಿಂದ ಬಿಳಿ ಹೊಗೆ ಹೊರಗೇ ಬಂತು. ಅವರೇ ಕಲಿಸಿದರು: ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿ ಮಾಡಿ, ನಿಧಾನಕ್ಕೆ ಎಳೆಯಲು ಶುರು ಮಾಡುತ್ತಲೇ ಒತ್ತಿ, ಸುಮಾರು 10 ಸೆಕೆಂಡ್ ಉಸಿರು ಹಿಡೀಬೇಕು. ಪಂಪಿಗೆ ಸಿಕ್ಕಿಸಿ ಉಸಿರೆಳೆಯೋ ಕೊಳವೆ, ಅಂದ್ರೆ ಒಂದು ಸ್ಪೇಸರ್ ಕೊಟ್ಟು, ಸ್ಟೆರಾಯ್ಡ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ ಅಂದರು. ಇನ್ನೊಂದ್ಸಲ ಮಂಡಿನೋವಿಗೆ ಬ್ರೂಫೆನ್ ಕೇಳಿದರೆ, ಕೆಲವರಿಗೆ ಅದರಿಂದಲೇ ಉಬ್ಬಸ ಏರುತ್ತೆ ಅಂತ ವಾಪಸ್ ಇಟ್ಟರು. ಹೊಸ ನೀಲಿ ಪಂಪ್ ಕೊಡುವ ಮೊದಲು ಡಾಕ್ಟರ್ ಹತ್ತಿರ ಓಡಿಸಿದ್ದೂ ಅವರೇ.

ಹಾಗಾಗಿ ಡಾಕ್ಟರಾ, ಮೆಡಿಕಲ್ಲಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಚೀಟಿ ಕೇಳದೆ ನೀಲಿ ಕೊಡ್ತಾ ಹೋಗುವವರು ನಿಮಗೆ ಉಪಕಾರ ಮಾಡ್ತಿಲ್ಲ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ನೀಲಿ ಬೇಕಾಗ್ತಿದ್ರೆ ಅಸ್ತಮಾ ಹತೋಟಿಯಲ್ಲಿಲ್ಲ ಅಂತಲೇ ಲೆಕ್ಕ, ಡಾಕ್ಟರನ್ನ ನೋಡಿ. ಪಫ್ ತಗೊಂಡರೂ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ರೆ ನೇರ ಕ್ಯಾಶುಯಾಲ್ಟಿಗೆ. ಪಂಪ್ ಸರಿಯಾಗಿ ತಗೋತಿದ್ದೀರಾ ಅನ್ನೋದನ್ನ ಮಾತ್ರ ಫಾರ್ಮಸಿಸ್ಟ್ ಹತ್ರ ಈ ವಾರವೇ ತೋರಿಸಿ. ಕೌಂಟರಲ್ಲಿ ಓನರ್ ಮಗ ಇರೋ ಹೊತ್ತಿಗಲ್ಲ, ನಿಜವಾದ ಫಾರ್ಮಸಿಸ್ಟ್ ಯಾವಾಗ ಇರ್ತಾರೆ ಅಂತ ಕೇಳಿಕೊಂಡು ಹೋಗಿ.