ಎದುರಾಳಿಯನ್ನೇ ಪ್ರೀತಿಸುವ ಕಥೆ ನಂಬುವ ಹಾಗಿರುತ್ತದಾ?

ಗೆಳತಿಯೊಬ್ಬಳು ‘ಹೀಟೆಡ್ ರೈವಲ್ರಿ’ ಕಾದಂಬರಿ ಓದು ಅಂದಿದ್ದಾಳೆ, ಆದರೆ ನನಗೆ ಐಸ್ ಹಾಕಿಯ ಗಂಧಗಾಳಿ ಇಲ್ಲ, ಅದೂ ಅಲ್ಲದೆ ಜಿದ್ದಿಗೆ ಬಿದ್ದ ಇಬ್ಬರು ಪ್ರೀತಿಸುವುದು ಬರೀ ಸಿನಿಮಾ ಕಥೆಯಲ್ವಾ ಎಂದು ಕೇಳಿದ್ದೀರಿ.

ಓದಿ. ನನಗೆ ಆ ಪುಸ್ತಕ ಬಹಳ ಇಷ್ಟ. ಯಾಕೆ ಅಂತ ಹೇಳುತ್ತೇನೆ, ಕೊನೆ ಏನಾಗುತ್ತದೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ.

ಬರೆದವರು ಕೆನಡಾದ ನೋವಾ ಸ್ಕೋಶಾದ ರೇಚಲ್ ರೀಡ್. ಬಂದದ್ದು 2019ರಲ್ಲಿ. 2025ರ ನವೆಂಬರ್‌ನಲ್ಲಿ ಇದೇ ಕಥೆ ಟಿವಿ ಸೀರೀಸ್ ಆಗಿ ಬಂದ ಮೇಲೆ ಎಲ್ಲರ ಬಾಯಲ್ಲೂ ಇದರ ಹೆಸರು. ಶೇನ್ ಹಾಲಂಡರ್ ಕೆನಡಾದ ಹುಡುಗ, ಶಿಸ್ತಿನವನು, ಮಾಂಟ್ರಿಯಲ್ ತಂಡಕ್ಕೆ ಆಡುತ್ತಾನೆ. ಇಲ್ಯಾ ರೋಜನೋವ್ ಮಾಸ್ಕೋದವನು, ಬಾಯಿ ಜೋರು, ಬಾಸ್ಟನ್ ತಂಡದವನು. ಮಾಂಟ್ರಿಯಲ್–ಬಾಸ್ಟನ್ ಅಂದರೆ ಉತ್ತರ ಅಮೆರಿಕದ ನಿಜವಾದ ಲೀಗ್ ಎನ್‌ಎಚ್‌ಎಲ್‌ನಲ್ಲೂ ಹಾವು ಮುಂಗುಸಿ. ಆ ಊರುಗಳ ತಂಡಗಳಾದ ಕೆನೇಡಿಯನ್ಸ್ ಮತ್ತು ಬ್ರುಯಿನ್ಸ್ ಪ್ಲೇಆಫ್ ಅನ್ನುವ ನಾಕೌಟ್ ಸುತ್ತುಗಳಲ್ಲೇ 30ಕ್ಕೂ ಹೆಚ್ಚು ಸಲ ಎದುರಾಗಿವೆ. ಕಾದಂಬರಿಯ ತಂಡಗಳು ಕಲ್ಪನೆಯವು, ಆದರೆ ಆ ಎರಡು ಊರುಗಳ ಹೆಸರು ಸಾಕು, ಅಲ್ಲಿನ ಓದುಗರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ನಮಗೆ ಹಾಕಿ ಅಂದರೆ ಕೊಡಗು, ಹುಲ್ಲಿನ ಮೈದಾನ. ಐಸ್ ಹಾಕಿಯಲ್ಲಿ ನೀವು ತಿಳಿದುಕೊಳ್ಳಬೇಕಾದ ಒಂದೇ ವಿಷಯ ಫೇಸ್‌ಆಫ್. ಆಟ ಶುರುವಾಗುವುದು, ಪ್ರತಿ ಸಲ ನಿಂತ ಮೇಲೆ ಮತ್ತೆ ಶುರುವಾಗುವುದು ಅದರಿಂದಲೇ. ಎರಡೂ ಕಡೆಯ ಸೆಂಟರ್‌ಗಳು, ಅಂದರೆ ಮುಂದಿನ ಸಾಲಿನ ನಡುವೆ ಆಡುವವರು, ಚುಕ್ಕೆಯ ಆಚೆ ಈಚೆ ನಿಂತು ಸೊಂಟ ಬಗ್ಗಿಸುತ್ತಾರೆ. ಸ್ಟಿಕ್ಕಿನ ತುದಿ ಐಸ್‌ಗೆ ತಾಗಿರುತ್ತದೆ, ಹೆಲ್ಮೆಟ್‌ಗಳು ಇನ್ನೇನು ಮುಟ್ಟಬೇಕು ಅನ್ನುವಷ್ಟು ಹತ್ತಿರ. ಪಂದ್ಯದ ಅಧಿಕಾರಿ ಪಕ್ ಅನ್ನು, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು, ಬಿಡುವ ಮೊದಲು ಎದುರಿನವನ ಭಾರ ಯಾವ ಕಾಲಿನ ಮೇಲಿದೆ, ಕೆಳಗಿನ ಕೈ ಸ್ಟಿಕ್ಕನ್ನು ಹೇಗೆ ಹಿಡಿದಿದೆ, ಪಕ್ಕನ್ನು ಯಾವ ಕಡೆ ಎಳೆಯುತ್ತಾನೆ ಎಂದು ಓದಿಬಿಡಬೇಕು. ಒಂದು ಪಂದ್ಯದಲ್ಲಿ ಇದು ಹತ್ತಾರು ಸಲ ನಡೆಯುತ್ತದೆ. ಶೇನ್, ಇಲ್ಯಾ ಇಬ್ಬರೂ ಸೆಂಟರ್‌ಗಳು.

ಈಗ ಯೋಚನೆ ಮಾಡಿ. ಇಬ್ಬರೂ ಮೊದಲು ಭೇಟಿಯಾಗುವುದು 2008ರ ಡಿಸೆಂಬರ್‌ನಲ್ಲಿ, ಕೆನಡಾದ ಸಸ್ಕಾಚೆವಾನ್‌ನಲ್ಲಿ ನಡೆಯುವ ಜೂನಿಯರ್ ವಿಶ್ವ ಪಂದ್ಯಾವಳಿಯಲ್ಲಿ, ಇನ್ನೂ 18 ತುಂಬಿರುವುದಿಲ್ಲ. ಅಲ್ಲಿಂದ ವರ್ಷಗಟ್ಟಲೆ ಪೇಪರಿನವರು, ಟಿವಿಯವರು, ಅಭಿಮಾನಿಗಳು ಇಬ್ಬರನ್ನೂ ತಕ್ಕಡಿಗೆ ಹಾಕಿ ತೂಗುತ್ತಲೇ ಇರುತ್ತಾರೆ. ಅವನ ವಿಡಿಯೋ ಇವನು ನೋಡಬೇಕು, ಇವನ ದೌರ್ಬಲ್ಯ ಅವನಿಗೆ ಗೊತ್ತಿರಬೇಕು. ಹೀಗೆ ಹಗಲೂ ರಾತ್ರಿ ಗಮನಿಸುವ ಇನ್ನೊಬ್ಬ ಮನುಷ್ಯ ಜೀವನದಲ್ಲಿ ಸಿಗುತ್ತಾನಾ? ಅಮ್ಮನಿಗೂ ಅಷ್ಟು ಗೊತ್ತಿರುವುದಿಲ್ಲ. ಅಷ್ಟು ಸಣ್ಣ ವಯಸ್ಸಿನಲ್ಲಿ ಇಡೀ ಊರಿನ ನಿರೀಕ್ಷೆ ಹೊತ್ತುಕೊಂಡು ಬದುಕುವುದು ಹೇಗಿರುತ್ತದೆ ಎಂದು ಗೊತ್ತಿರುವ ಇನ್ನೊಬ್ಬನೂ ಅವನೇ. ನನ್ನ ಪ್ರಕಾರ ಇಂಥ ಕಥೆಗಳ ಜೀವ ಇರುವುದು ಇಲ್ಲೇ. ದ್ವೇಷ ಇದ್ದಕ್ಕಿದ್ದ ಹಾಗೆ ಪ್ರೀತಿಯಾಗುವುದಿಲ್ಲ, ಆ ಗಮನ ಮೊದಲಿನಿಂದಲೂ ಇರುತ್ತದೆ. ಅದನ್ನು ಒಪ್ಪಿಕೊಳ್ಳುವುದಕ್ಕೆ ಈ ಇಬ್ಬರಿಗೆ ವರ್ಷಗಳೇ ಹಿಡಿಯುತ್ತವೆ, ಅಷ್ಟೇ.

ನನಗೆ ತುಂಬ ಹಿಡಿಸಿದ ಭಾಗ ಒಂದು ಸ್ಯಾಂಡ್‌ವಿಚ್‌ನದು. ಅಲ್ಲಿಯವರೆಗೆ ಇವರ ಭೇಟಿ ಅಂದರೆ ಲೀಗಿನ ವೇಳಾಪಟ್ಟಿ ಎಲ್ಲಿ ಸೇರಿಸಿತೋ ಅಲ್ಲಿ, ಕದ್ದುಮುಚ್ಚಿ, ಮುಗಿದ ತಕ್ಷಣ ಹೊರಡುವುದು. ಒಬ್ಬರನ್ನೊಬ್ಬರು ಕರೆಯುವುದೂ ಜೆರ್ಸಿಯ ಹಿಂದೆ ಬರೆದ ಹೆಸರಿನಿಂದಲೇ. ಒಂದು ದಿನ ಬಾಸ್ಟನ್‌ನಲ್ಲಿ ಇಲ್ಯಾ ತನ್ನ ಮನೆಯಲ್ಲಿ ಶೇನ್‌ಗೆ ಟ್ಯೂನಾ ಮೀನಿನ ಸ್ಯಾಂಡ್‌ವಿಚ್ ಮಾಡಿಕೊಡುತ್ತಾನೆ. ಇದು ಯಾವ ದೊಡ್ಡ ಪ್ರಸಂಗವೂ ಅಲ್ಲ, ಸುಮ್ನೆ ಊಟ. ಆದರೆ ಶೇನ್ ಹೆದರುವುದು ಅವತ್ತೇ, ಯಾಕೆಂದರೆ ಹೋಟೆಲ್ ರೂಮಿನಲ್ಲಿ ನಡೆದದ್ದಕ್ಕೆ ಏನಾದರೂ ಸಬೂಬು ಹೇಳಬಹುದು, ಒಬ್ಬ ನಿನಗೋಸ್ಕರ ಅಡುಗೆಮನೆಯಲ್ಲಿ ನಿಂತು ಬ್ರೆಡ್ ಬಿಸಿ ಮಾಡಿದ್ದಕ್ಕೆ ಏನು ಸಬೂಬು ಹೇಳುತ್ತೀಯ? ಆ ಪುಟಗಳನ್ನು ಓದುವಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ಹೆದರಿಕೆ ಸುಳ್ಳಲ್ಲ. ಪುಸ್ತಕ ಬಂದ ವರ್ಷ ಎನ್‌ಎಚ್‌ಎಲ್‌ನಲ್ಲಿ ಆಡುತ್ತಿದ್ದವರಲ್ಲಿ ಒಬ್ಬನೂ ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡಿರಲಿಲ್ಲ. ಆ ಲೀಗಿನ ತಂಡವೊಂದರ ಜೊತೆ ಒಪ್ಪಂದ ಇದ್ದ ಲ್ಯೂಕ್ ಪ್ರೊಕಾಪ್ ಮೊದಲ ಬಾರಿಗೆ ಹಾಗೆ ಹೇಳಿದ್ದು 2021ರಲ್ಲಿ. ಇಲ್ಯಾನ ಕಷ್ಟ ಇನ್ನೂ ಜಾಸ್ತಿ. ರಷ್ಯಾದಲ್ಲಿ ಇಂಥ ಸಂಬಂಧಗಳ ಬಗ್ಗೆ ಮಕ್ಕಳಿಗೆ ತಲುಪುವ ಹಾಗೆ ಒಳ್ಳೆಯ ಮಾತಾಡುವುದನ್ನು 2013ರಲ್ಲೇ ಕಾನೂನು ನಿಷೇಧಿಸಿತು, 2022ರಲ್ಲಿ ಆ ನಿಷೇಧ ದೊಡ್ಡವರ ಮುಂದೆ ಆಡುವ ಮಾತಿಗೂ ಬಂತು.

ನಂಬುವ ಹಾಗಿದೆಯಾ ಅಂತ ಕೇಳಿದ್ರಲ್ಲ, ಅದಕ್ಕೆ ಕಾದಂಬರಿ ಬಿಟ್ಟು ನಿಜವಾದ ಒಂದು ಪಂದ್ಯ ಹೇಳುತ್ತೇನೆ. 2014ರ ಸೋಚಿ ಒಲಿಂಪಿಕ್ಸ್, ಮಹಿಳೆಯರ ಐಸ್ ಹಾಕಿ ಫೈನಲ್, ಕೆನಡಾ ಮತ್ತು ಅಮೆರಿಕ. ಆಟ ಮುಗಿಯಲು ನಾಲ್ಕು ನಿಮಿಷವೂ ಇಲ್ಲ, ಅಮೆರಿಕ 2–0 ಮುಂದೆ. ಕೆನಡಾ ಒಂದು ಗೋಲು ಹೊಡೆಯಿತು. ಆಮೇಲೆ ತನ್ನ ಗೋಲ್‌ಕೀಪರನ್ನು ಹೊರಗೆ ಕರೆಸಿ ಇನ್ನೊಬ್ಬ ಆಟಗಾರ್ತಿಯನ್ನು ಇಳಿಸಿತು. ಖಾಲಿ ಗೋಲಿನ ಕಡೆಗೆ ಅಮೆರಿಕದವರು ದೂರದಿಂದ ಕಳಿಸಿದ ಪಕ್ ಕಂಬಕ್ಕೆ ಬಡಿದು ವಾಪಸ್ ಬಂತು! 55 ಸೆಕೆಂಡು ಇರುವಾಗ ಕೆನಡಾ ಸಮ ಮಾಡಿ, ಓವರ್‌ಟೈಮ್‌ನಲ್ಲಿ 3–2ರಿಂದ ಗೆದ್ದಿತು. ಗೆದ್ದ ತಂಡದ ಕ್ಯಾಪ್ಟನ್ ಕ್ಯಾರೊಲಿನ್ ಊಲೆಟ್. ಸೋತ ತಂಡದಲ್ಲಿದ್ದವರು ಜೂಲಿ ಚೂ. ಆ ಇಬ್ಬರೂ ಇವತ್ತು ದಂಪತಿ, 2017ರಲ್ಲಿ ಅವರಿಗೆ ಮಗಳು ಹುಟ್ಟಿದಳು. ಊಲೆಟ್ ಆಡಿದ ನಾಲ್ಕು ಒಲಿಂಪಿಕ್ಸ್‌ನಲ್ಲೂ ಚಿನ್ನ, ಅದೇ ನಾಲ್ಕರಲ್ಲಿ ಚೂ ಅವರಿಗೆ ಮೂರು ಬೆಳ್ಳಿ, ಒಂದು ಕಂಚು. ಅಂದರೆ ಮೂರು ಸಲ ಒಬ್ಬರ ಚಿನ್ನಕ್ಕೆ ಇನ್ನೊಬ್ಬರ ಬೆಳ್ಳಿಯೇ ಬೆಲೆ. ಅದೇ ಪಂದ್ಯದಲ್ಲಿ ಎದುರುಬದುರಾಗಿದ್ದ ಅಮೆರಿಕದ ಕ್ಯಾಪ್ಟನ್ ಮೇಗನ್ ಡಗ್ಗನ್ ಮತ್ತು ಕೆನಡಾದ ಜಿಲಿಯನ್ ಆಪ್ಸ್ ಕೂಡ 2018ರಲ್ಲಿ ಮದುವೆಯಾದರು.

ಹಾಗಾಗಿ ಇಂಥ ಕಾದಂಬರಿ ಕೈಗೆತ್ತಿಕೊಂಡಾಗ ನಾನು ನೋಡುವುದು ಒಂದನ್ನೇ. ಪ್ರೀತಿ ಶುರುವಾದ ಮೇಲೂ ಇಬ್ಬರೂ ಗೆಲ್ಲಲಿಕ್ಕೇ ಆಡುತ್ತಾರಾ? ಒಬ್ಬರು ಇನ್ನೊಬ್ಬರಿಗಾಗಿ ಬೇಕಂತಲೇ ಸೋತರೆ ನನಗೆ ಪುಸ್ತಕ ಅಲ್ಲಿಗೇ ಮುಗಿಯಿತು, ಅದು ಪ್ರೀತಿಯಲ್ಲ, ಅವಮಾನ. ಶೇನ್ ಮತ್ತು ಇಲ್ಯಾ ಹಾಗೆ ಮಾಡುವವರಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೆಡ್‌ರೂಮ್ ದೃಶ್ಯಗಳು ಬಹಳ ಇವೆ, ಮುಚ್ಚುಮರೆ ಏನೂ ಇಲ್ಲ. ದೊಡ್ಡವರ ಪುಸ್ತಕ. ಅವನ್ನು ಹಾರಿಸಿ ಓದಬೇಡಿ, ಇಬ್ಬರೂ ಬದಲಾಗುವುದು ಗೊತ್ತಾಗುವುದೇ ಅಲ್ಲಿ. ಆದರೆ ಅದು ನಿಮಗೆ ಒಗ್ಗುವುದಿಲ್ಲ ಅಂದರೆ ಈ ಪುಸ್ತಕ ಬೇಡ.

ಇದು ಸರಣಿಯಲ್ಲಿ ಎರಡನೆಯದು. ಮೊದಲನೆಯದನ್ನು ಓದದೆಯೂ ಅರ್ಥವಾಗುತ್ತದೆ, ಆದರೆ ಅದರ ಒಂದು ದೊಡ್ಡ ಘಟನೆ ಇದರಲ್ಲೂ ಬರುವುದರಿಂದ ಎರಡನ್ನೂ ಓದುವ ಮನಸ್ಸಿದ್ದರೆ ಕ್ರಮವಾಗಿಯೇ ಓದಿ. ಇದೇ ಜೋಡಿಯ ಮುಂದಿನ ಕಥೆ 2022ರ ‘ದಿ ಲಾಂಗ್ ಗೇಮ್’, ನಡುವೆ ಬರುವವು ಬೇರೆ ಆಟಗಾರರ ಕಥೆಗಳು.