ಮನೆಯಲ್ಲಿ ಸಿಕ್ಕ ಹಳೆಯ ಚರ್ಚ್ ಮದುವೆಯ ರೀಲನ್ನು ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಅಜ್ಜಿಯ ಬೀರುವಿನಲ್ಲಿ ಕೆಲವು ಸಣ್ಣ 8 ಎಂ.ಎಂ. ರೀಲುಗಳು ಸಿಕ್ಕಿವೆ, ಬೆಳಕಿಗೆ ಹಿಡಿದು ನೋಡಿದರೆ ಶಿವಾಜಿನಗರದ ಸಂತ ಮೇರಿ ಚರ್ಚಿನ ಗೋಪುರ ಮತ್ತು ಒಂದು ಮದುವೆ ಕಾಣುತ್ತದೆ, ಆದರೆ ಅದು ಯಾರ ಮದುವೆ, ಯಾವ ವರ್ಷದ್ದು ಎಂಬುದು ಈಗಿನವರಿಗೆ ಗೊತ್ತಿಲ್ಲ. ಧ್ವನಿಯಿಲ್ಲದ, ಅರ್ಧಕ್ಕರ್ಧ ಕತ್ತಲಾಗಿರುವ ಇದನ್ನು ಹಣ ಕೊಟ್ಟು ಡಿಜಿಟಲ್ ಮಾಡಿಸಬೇಕೇ, ಮಾಡಿಸಿದರೆ ಚೆನ್ನಾಗಿರುವ ಐದು ನಿಮಿಷವನ್ನಷ್ಟೇ ಉಳಿಸಿ ಹಾಡು ಸೇರಿಸಿದರೆ ಸಾಲದೇ ಎಂದು ಕೇಳಿದ್ದೀರಿ.

ಖಂಡಿತ ಮಾಡಿಸಿ, ಮತ್ತು ಅದರಲ್ಲಿ ಒಂದು ತುಣುಕನ್ನೂ ಬಿಡಬೇಡಿ. ಆದರೆ ಅದಕ್ಕಿಂತ ಅವಸರದ ಕೆಲಸವೊಂದಿದೆ. ಆ ಮದುವೆಯಲ್ಲಿ ಊಟ ಮಾಡಿದವರು ನಿಮ್ಮ ಬಂಧುಗಳಲ್ಲಿ ಇನ್ನೂ ಯಾರಾದರೂ ಇದ್ದರೆ, ಅವರ ಕಣ್ಣು ಮತ್ತು ನೆನಪು ಚೆನ್ನಾಗಿರುವಾಗಲೇ ಅವರನ್ನು ಈ ಚಿತ್ರದ ಮುಂದೆ ಕೂರಿಸಬೇಕು. ಫಿಲ್ಮು ಇನ್ನೂ ಕೆಲವು ವರ್ಷ ಕಾಯಬಹುದು, ಅವರು ಕಾಯಲಾರರು.

ಕತ್ತರಿಸಬೇಡಿ ಎನ್ನುವುದಕ್ಕೆ ಕಾರಣವಿದೆ. ಆ ಕಾಲದ 8 ಎಂ.ಎಂ. ರೀಲು 50 ಅಡಿ ಉದ್ದವಿದ್ದು, ಸೆಕೆಂಡಿಗೆ 16 ಚಿತ್ರಗಳ ವೇಗದಲ್ಲಿ ಸುಮಾರು 4 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಫಿಲ್ಮು ದುಬಾರಿ, ಕ್ಯಾಮೆರಾ ಸಾಮಾನ್ಯವಾಗಿ ಕೀಲಿ ಕೊಟ್ಟು ನಡೆಸುವಂಥದ್ದು. ಹಾಗಾಗಿ ಇಡೀ ಮದುವೆಯನ್ನು ಕೆಲವೇ ನಿಮಿಷಗಳಲ್ಲಿ ಹಿಡಿಯಬೇಕಾಗಿದ್ದ ಆ ಮಾವನೋ ಚಿಕ್ಕಪ್ಪನೋ ಗುಂಡಿ ಒತ್ತಿದ ಪ್ರತಿಯೊಂದು ಸಲವೂ ಇದು ಉಳಿಯಬೇಕು ಎಂದು ತೀರ್ಮಾನಿಸಿಯೇ ಒತ್ತಿರುತ್ತಾರೆ. ಇಂದು ನಮಗೆ ಕೈ ನಡುಗಿದಂತೆ ಕಾಣುವ ದೃಶ್ಯದಲ್ಲಿ ಅವರಿಗೆ ಬೇಕಾದ ಯಾರೋ ನಿಂತಿರುತ್ತಾರೆ. ಕತ್ತಲೆಯೂ ಅವರ ತಪ್ಪಲ್ಲ: ಕೊಡಾಕ್ ಕಂಪನಿಯ ಬಣ್ಣದ ಫಿಲ್ಮಾದ ಕೊಡಾಕ್ರೋಮಿನ ಬೆಳಕಿನ ಸಂವೇದನೆ ಎ.ಎಸ್.ಎ. ಅಳತೆಯಲ್ಲಿ (ಅಂಕಿ ಕಡಿಮೆಯಾದಷ್ಟೂ ಹೆಚ್ಚು ಬೆಳಕು ಬೇಕು) ಮೊದಲಿಗೆ 10 ಇತ್ತು, 1961ರಲ್ಲಿ 25ಕ್ಕೆ ಏರಿತು. ಕಿಟಕಿ ಮತ್ತು ಮೇಣದ ಬತ್ತಿಗಳ ಬೆಳಕನ್ನೇ ನೆಚ್ಚಿಕೊಂಡ ಚರ್ಚಿನ ಒಳಗೆ ಅಂಥ ಫಿಲ್ಮು ಹೆಚ್ಚೇನೂ ಕಾಣಲಾರದು.

ನಮ್ಮ ಮನೆಯಲ್ಲೂ ಇಂಥದೇ ರೀಲೊಂದಿದೆ, ಸೋದರಮಾವ ತೆಗೆದ ನಮ್ಮ ಚಿಕ್ಕಮ್ಮನ ಮದುವೆಯದು. ಬಲಿಪೀಠದ ಬಳಿಯ ಭಾಗದಲ್ಲಿ ಬತ್ತಿಗಳ ಚುಕ್ಕಿಗಳು ಬಿಟ್ಟರೆ ಮತ್ತೇನಿಲ್ಲ. ಬಳಿಕ ಒಮ್ಮೆಲೇ ಹೊರಗಿನ ಬಿಸಿಲು, ಮೆಟ್ಟಿಲುಗಳ ಮೇಲೆ ಬಂಧುಗಳು. ಅದು ಚಲನಚಿತ್ರದ ಕ್ಯಾಮೆರಾ ಎಂಬುದು ತಿಳಿಯದೆ ಫೋಟೋಗೆ ನಿಲ್ಲುವಂತೆ ಉಸಿರು ಹಿಡಿದು ನಿಂತ ಹಿರಿಯರು. ಅಂಚಿನಿಂದ ಒಂದು ಕೈ ಬಂದು ಮದುಮಗಳ ಮುಸುಕಿನ ಮೇಲೆ ಜಾರುತ್ತಿದ್ದ ಮಲ್ಲಿಗೆ ದಂಡೆಯನ್ನು ಸರಿಪಡಿಸಿ ಮರೆಯಾಗುತ್ತದೆ. ಎರಡು ಸೆಕೆಂಡಿನ ಈ ಭಾಗವನ್ನು ಬೇರೆ ಯಾರಾದರೂ ಕತ್ತರಿಸಿ ಎಸೆಯುತ್ತಿದ್ದರು. ಅಮ್ಮ ಮಾತ್ರ ಆ ಬಳೆಗಳನ್ನು ನೋಡಿದವಳೇ, ಇದು ನಿನ್ನ ಅಜ್ಜಿಯ ಕೈ ಎಂದಳು. ಅಜ್ಜಿಯ ಮುಖ ಆ ರೀಲಿನಲ್ಲಿ ಎಲ್ಲೂ ಇಲ್ಲ.

ಆದ್ದರಿಂದ ಸ್ಕ್ಯಾನ್ ಆದ ಮೇಲೆ ಅದನ್ನು ಟಿ.ವಿ.ಯಲ್ಲಿ ನಿಧಾನವಾಗಿ ಓಡಿಸಿ, ಹಿರಿಯರನ್ನು ಒಬ್ಬೊಬ್ಬರನ್ನಾಗಿಯೋ ಇಬ್ಬಿಬ್ಬರನ್ನಾಗಿಯೋ ಕೂರಿಸಿ, ಪಕ್ಕದಲ್ಲಿ ಮೊಬೈಲಿನ ರೆಕಾರ್ಡರ್ ಹಾಕಿಡಿ. ಪ್ರಶ್ನೆ ಕೇಳುವುದಕ್ಕಿಂತ ಅವರು ಬೆರಳು ತೋರಿಸಿದಾಗ ಚಿತ್ರ ನಿಲ್ಲಿಸುವುದು ಮುಖ್ಯ. ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ಅಲ್ಲಗಳೆದರೆ ಎರಡನ್ನೂ ಉಳಿಸಿಕೊಳ್ಳಿ. ಮೂಕ ಚಿತ್ರಕ್ಕೆ ಆ ಮಾತುಕತೆಯೇ ತಕ್ಕ ಧ್ವನಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವರ್ಷ ಪತ್ತೆ ಮಾಡಲು ಫಿಲ್ಮೇ ನೆರವಾಗುತ್ತದೆ. ಅಂಚಿನ ರಂಧ್ರಗಳು ದೊಡ್ಡದಾಗಿದ್ದು ಎರಡು ಚಿತ್ರಗಳ ನಡುವಿನ ಗೆರೆಯ ಬಳಿ ಇದ್ದರೆ ಅದು 1932ರಲ್ಲಿ ಬಂದ ಸಾದಾ 8 ಎಂ.ಎಂ.; ಚಿಕ್ಕದಾಗಿದ್ದು ಚಿತ್ರದ ನಡುಮಧ್ಯಕ್ಕೆ ನೇರವಾಗಿದ್ದರೆ 1965ರ ನಂತರದ ಸೂಪರ್ 8. ಕೊಡಾಕ್ ಫಿಲ್ಮಾದರೆ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದಂಥ ಗುರುತುಗಳಿದ್ದು ತಯಾರಾದ ವರ್ಷವನ್ನು ಸೂಚಿಸುತ್ತವೆ, ಆದರೆ ಅವೇ ಗುರುತುಗಳು 20 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಪೂಜೆಯ ಹೊತ್ತಿನಲ್ಲಿ ಗುರುಗಳು ಜನರಿಗೆ ಬೆನ್ನು ಮಾಡಿ ಬಲಿಪೀಠದತ್ತ ಮುಖ ಮಾಡಿದ್ದರೆ, ಕ್ಯಾಥೊಲಿಕ್ ಚರ್ಚಿನ ಪೂಜಾವಿಧಿಯನ್ನು ಬದಲಿಸಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳು ಆಚರಣೆಗೆ ಬರುವ ಮೊದಲಿನ ಮದುವೆ, ಅಂದರೆ 1960ರ ದಶಕದ ನಡುಭಾಗಕ್ಕಿಂತ ಹಿಂದಿನದು ಎಂದು ಊಹಿಸಬಹುದು. ಕಾಗದದ ನಕ್ಷತ್ರಗಳು ತೂಗುತ್ತಿದ್ದರೆ ಕ್ರಿಸ್ಮಸ್ ಕಳೆದ ಕೆಲವೇ ದಿನಗಳಲ್ಲಿ ನಡೆದಿರಬಹುದು, ಏಕೆಂದರೆ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲೂ ವಿಜೃಂಭಣೆಯ ಮದುವೆ ಮಾಡುವ ರೂಢಿಯಿರಲಿಲ್ಲ. ಇಷ್ಟರಿಂದ ಅವಧಿ ಕಿರಿದಾದ ಮೇಲೆ ಚರ್ಚಿನ ಕಚೇರಿಗೆ ಹೋಗಿ ಮದುವೆಯ ರಿಜಿಸ್ಟರ್ ನೋಡಲು ವಿನಂತಿಸಿ. ಅಲ್ಲಿ ವಧೂವರರ ಹೆಸರಿನ ಜೊತೆಗೆ ಸಾಕ್ಷಿಗಳ ಹೆಸರೂ ಇರುತ್ತದೆ.

ಇನ್ನು ಎಚ್ಚರಿಕೆಯ ಮಾತು. ಹಳೆಯ ಪ್ರೊಜೆಕ್ಟರ್ ಸಿಕ್ಕಿತೆಂದು ದಯವಿಟ್ಟು ಅದರಲ್ಲಿ ಓಡಿಸಬೇಡಿ. ಕುಗ್ಗಿದ ಫಿಲ್ಮಿನ ರಂಧ್ರಗಳು ಹಲ್ಲಿಗೆ ಸಿಕ್ಕಿ ಹರಿಯುತ್ತವೆ, ನಡುವೆ ನಿಂತರೆ ದೀಪದ ಶಾಖಕ್ಕೆ ಸುಡುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಪ್ಲಾಸ್ಟಿಕ್ ಆಧಾರವಾದ ಅಸಿಟೇಟ್ ಕೊಳೆಯತೊಡಗಿದೆ ಎಂದರ್ಥ, ಮತ್ತು ಅದು ತನ್ನಷ್ಟಕ್ಕೇ ವೇಗ ಪಡೆಯುವ ಕೊಳೆತವಾದ್ದರಿಂದ ಆ ರೀಲನ್ನು ಬೇರೆಯಾಗಿಟ್ಟು ಮೊದಲು ಸ್ಕ್ಯಾನ್ ಮಾಡಿಸಬೇಕು. ಗೋಡೆಯ ಮೇಲೆ ಚಿತ್ರ ಬಿಟ್ಟು ಅದನ್ನೇ ಮತ್ತೆ ಕ್ಯಾಮೆರಾದಲ್ಲಿ ಹಿಡಿಯುವವರಿಗೆ ಕೊಡದೆ, ಒಂದೊಂದು ಚಿತ್ರವನ್ನೂ ಬಿಡಿಯಾಗಿ ಸ್ಕ್ಯಾನ್ ಮಾಡುವವರನ್ನೇ ಹುಡುಕಿ. ಬಣ್ಣ ತಿದ್ದದ ಮೂಲ ಫೈಲನ್ನೂ ಕೇಳಿ ಪಡೆಯಿರಿ, ವೇಗ 16 ಅಥವಾ 18 ಚಿತ್ರಗಳಿಗೆ ಹೊಂದಿಸಲು ಹೇಳಿ. ಇಲ್ಲದಿದ್ದರೆ ಎಲ್ಲರೂ ಓಡುತ್ತಿರುವಂತೆ ಕಾಣುತ್ತಾರೆ. ನಂತರ ಮೂಲ ರೀಲನ್ನು ಅದರ ಹಳೆಯ ಡಬ್ಬಿಯ ಮೇಲಿನ ಬರಹದ ಸಮೇತ ಅಟ್ಟದಲ್ಲಿಡದೆ ತಂಪಾದ, ತೇವವಿಲ್ಲದ ಜಾಗದಲ್ಲಿಡಿ, ನುಸಿಗುಳಿಗೆ ಹಾಕಬೇಡಿ.

ಹಾಡು ಸೇರಿಸಿದ ಐದು ನಿಮಿಷದ ಪ್ರತಿ ಬಂಧುಗಳಿಗೆ ಬೇಕೆನಿಸಿದರೆ ಮೂಲ ಫೈಲಿನ ನಕಲಿನಿಂದ ಅಗತ್ಯವಾಗಿ ಮಾಡಿಕೊಡಿ. ಅದನ್ನು ಹಂಚುವಾಗ ಪೂರ್ಣ ಚಿತ್ರವನ್ನೂ ಹಿರಿಯರ ಧ್ವನಿಮುದ್ರಣವನ್ನೂ ಕನಿಷ್ಠ ಎರಡು ಮನೆಗಳಿಗೆ ಕೊಟ್ಟಿಡಿ.